ಒಂದಕ್ಕೆ ನಲವತ್ತರ ಕಡಲು

ಗೋರೆಗಾಂವ್ ಪಶ್ಚಿಮದ ಆ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಸತ್ಯಮೂರ್ತಿಯವರ ಮನೆಗೆ ಬಂದವರಿಗೆ ದೇವರ ಪಟಕ್ಕಿಂತ ಮೊದಲು ತಿಮಿಂಗಿಲ ಕಾಣುತ್ತಿತ್ತು. ಹಾಲಿನ ಒಂದು ಗೋಡೆಯುದ್ದಕ್ಕೂ ಗಾಜಿನ ಬೀರು. ಅದರ ತುಂಬ ಕಡಲಿನ ಪ್ರಾಣಿಗಳು. ಎರಡಡಿ ಮೀರಿದ ನೀಲಿ ತಿಮಿಂಗಿಲ, ಸುತ್ತಿಗೆಯಂಥ ತಲೆಯ ಶಾರ್ಕು, ರೆಕ್ಕೆ ಬಿಚ್ಚಿದ ತೊರಕೆ ಮೀನು, ಅಂಗೈಯಲ್ಲಿ ಮುಚ್ಚಿಡಬಹುದಾದ ಕಡಲಾಮೆ, ಕೋರೆಹಲ್ಲಿನ ವಾಲ್ರಸ್, ಹೆಬ್ಬೆರಳಿನ ತುದಿಯಷ್ಟೇ ಇದ್ದ ಪೆಂಗ್ವಿನ್ನುಗಳು. ಕೆಲವು ರಬ್ಬರಿನವು, ಹೆಚ್ಚಿನವು ಗಟ್ಟಿ ಪ್ಲಾಸ್ಟಿಕ್ಕಿನವು. ಅವುಗಳ ನಡುವೆ ಕಿರುಬೆರಳಿಗಿಂತ ಗಿಡ್ಡನಾದ, ಈಜುಡುಗೆ ತೊಟ್ಟ ಒಬ್ಬ ಮನುಷ್ಯ.

ಆ ಮನುಷ್ಯನೇ ಅಳತೆಗೋಲು. ಸತ್ಯಮೂರ್ತಿ ಕಾಂದಿವಲಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅಳತೆ ತಪ್ಪಿದ್ದು ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಆಟಿಕೆ ಅಂಗಡಿಗಳಲ್ಲಿ ಸೀಲೂ ತಿಮಿಂಗಿಲವೂ ಒಂದೇ ಉದ್ದಕ್ಕಿರುವುದನ್ನು ಕಂಡು ಅವರಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಅವರ ಬೀರುವಿನೊಳಗೆ ಬರಬೇಕಾದರೆ ಅದು ಒಂದಕ್ಕೆ ನಲವತ್ತರ ಅಳತೆಯಲ್ಲೇ ಇರಬೇಕು, ಅಂದರೆ ನಿಜವಾದ ಪ್ರಾಣಿಯ ನಲವತ್ತರಲ್ಲಿ ಒಂದು ಪಾಲು. ಮಗಳು ಶಾಮಲಾ ಒಂದು ಹುಟ್ಟುಹಬ್ಬಕ್ಕೆ ಮುದ್ದಾದ ಡಾಲ್ಫಿನ್ ತಂದುಕೊಟ್ಟಾಗ ಅದನ್ನು ಸ್ಕೇಲಿನಿಂದ ಅಳೆದು, ತುಂಬ ಚೆನ್ನಾಗಿದೆ ಮರಿ ಎಂದು ಬೆನ್ನು ತಟ್ಟಿ, ಫ್ರಿಜ್ಜಿನ ಮೇಲೆ ಇಟ್ಟಿದ್ದರು. ಬೀರುವಿನೊಳಗೆ ಬಿಡಲಿಲ್ಲ.

ಹೆಂಡತಿ ಸುಮಿತ್ರಾ ಮೈಸೂರಿನವಳು. ದಸರೆಗೆ ಗೊಂಬೆ ಕೂರಿಸುವ ಮನೆಯಿಂದ ಬಂದವಳು. ಗಂಡನ ಹುಚ್ಚನ್ನು ಅವಳು ಆ ಲೆಕ್ಕದಲ್ಲೇ ಅರ್ಥ ಮಾಡಿಕೊಂಡಿದ್ದಳು. ನಮ್ಮದು ನವರಾತ್ರಿಗೆ ಮಾತ್ರ, ಇವರದು ವರ್ಷವಿಡೀ ದಸರೆ ಎಂದು ನೆರೆಯವರ ಮುಂದೆ ನಗುತ್ತಿದ್ದಳು. ಊರಿನಿಂದ ಬಂದ ಸೋದರತ್ತೆ, ಮಡಿ ಮನೆಯೊಳಗೆ ಇಷ್ಟೊಂದು ಮೀನೇ ಎಂದು ಮೂಗು ಮುರಿದಾಗ, ಮತ್ಸ್ಯ ಕೂರ್ಮ ಎರಡೂ ಅವತಾರಗಳೇ ಅಲ್ಲವೇ ಎಂದು ಗಂಡನ ಪರವಾಗಿ ವಾದಿಸಿದವಳೂ ಅವಳೇ. ಆದರೆ ಆ ಬೀರುವಿನ ಬಾಗಿಲನ್ನು ಅವಳು ಒಮ್ಮೆಯೂ ತೆರೆದವಳಲ್ಲ. ಹೊರಗಿನ ಗಾಜು ಒರೆಸುವುದು ಅವಳ ಕೆಲಸ, ಒಳಗಿನದು ಅವರದು. ಭಾನುವಾರ ಬೆಳಿಗ್ಗೆ ಅವರು ಹಳೆಯ ಬನಿಯನ್ನಿನ ಚೂರು ಹಿಡಿದು ಒಂದೊಂದನ್ನೇ ಒರೆಸುತ್ತ, ಯಾವುದರ ನಾಲಗೆ ಆನೆಯಷ್ಟು ತೂಕ, ಯಾವುದು ಉಸಿರು ಕಟ್ಟಿ ಎಷ್ಟು ಹೊತ್ತು ಮುಳುಗಿರುತ್ತದೆ ಎಂದೆಲ್ಲ ಹೇಳುತ್ತಿದ್ದರು. ಅವಳು ಹುರುಳಿಕಾಯಿ ಬಿಡಿಸುತ್ತ ಹೂಂಗುಟ್ಟುತ್ತಿದ್ದಳು. ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಹೊರಗೆ.

ಇಷ್ಟನ್ನೂ ಒಟ್ಟು ಮಾಡಿಕೊಟ್ಟವನು ದೂಜ. ಎದುರು ಬಿಲ್ಡಿಂಗಿನವನು, ಮೂಲ್ಕಿಯ ಕಡೆಯವನು; ಸರಕಿನ ಹಡಗಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸ. ಹೋದ ಹೋದ ಬಂದರಿನಲ್ಲೆಲ್ಲ ಮೂರ್ತಿಯವರಿಗಾಗಿ ಹುಡುಕುವುದು ಅವನಿಗೂ ಒಂದು ಗೀಳಾಗಿತ್ತು. ನೀಲಿ ತಿಮಿಂಗಿಲವನ್ನು ಅವನು ಜರ್ಮನಿಯಿಂದ ತನ್ನ ಹಾಸಿಗೆಯ ಮೇಲೆಯೇ ಮಲಗಿಸಿಕೊಂಡು ತಂದಿದ್ದ.

ಎಂಬತ್ತೆಂಟರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಸತ್ಯಮೂರ್ತಿ ಕಾರ್ಖಾನೆಯಲ್ಲಿ ನಕ್ಷೆಯ ಹಲಗೆಯ ಮೇಲೆಯೇ ಕುಸಿದರು. ಪರೇಲಿನ ದೊಡ್ಡ ಆಸ್ಪತ್ರೆಗೆ ಸುಮಿತ್ರಾ ತಲುಪುವ ಹೊತ್ತಿಗೆ ಅವರ ಬಲಗೈ, ಬಲಗಾಲು ಸತ್ತಿದ್ದವು. ಬಾಯಿಯ ಒಂದು ಮೂಲೆ ಇಳಿದಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಮೂರನೆಯ ವಾರದಲ್ಲಿ ಮಾತು ಬಂತು. ಆದರೆ ಬಂದದ್ದು ಒಂದೇ ಮಾತು. "ಆಯ್ತು." ನೀರು ಬೇಕೇ ಎಂದರೂ ಆಯ್ತು. ನೋಯುತ್ತಿದೆಯೇ ಎಂದರೂ ಆಯ್ತು. ಮಗಳನ್ನು ಕಂಡು ಕಣ್ಣಲ್ಲಿ ನೀರು ತುಂಬಿ ಕೈ ಹಿಡಿದಾಗಲೂ ಆಯ್ತು. ಒಳಗೆ ಬುದ್ಧಿ ಸರಿಯಾಗಿಯೇ ಇದೆ, ಮಾತಿನ ದಾರಿ ಮಾತ್ರ ಕಡಿದುಹೋಗಿದೆ ಎಂದು ಡಾಕ್ಟರು ವಿವರಿಸಿದರು. ತಲೆಯಾಡಿಸಿದರೂ ನಂಬಬೇಡಿ, ಹೌದು ಅನ್ನಲು ಹೋಗಿ ಇಲ್ಲ ಎಂದು ತಲೆಯಾಡಿಸುತ್ತಾರೆ. ಕೆಲವರಿಗೆ ಮಾತು ಮರಳುತ್ತದೆ, ಕೆಲವರಿಗೆ ಇಲ್ಲ. ಕಾಯಬೇಕು.

ಅವರು ಆಸ್ಪತ್ರೆಯಲ್ಲಿದ್ದಾಗಲೇ ಮನೆಯ ಹಾಲಿನ ಗೋಡೆ ಸೋರತೊಡಗಿತು. ನೀರು ಇಳಿದದ್ದು ಸರಿಯಾಗಿ ಬೀರುವಿನ ಹಿಂದೆ. ಪ್ಲೈವುಡ್ ಉಬ್ಬಿ, ಒಳಗೆ ಬೂಷ್ಟು ಹಿಡಿಯಿತು. ಗೋಡೆ ಕೆತ್ತಿ ಗಾರೆ ಮಾಡಬೇಕು, ಬೀರು ಜರುಗಿಸಬೇಕು ಎಂದ ಮೇಸ್ತ್ರಿ. ಬೇರೆ ದಾರಿ ಇರಲಿಲ್ಲ. ಅಮ್ಮ ಮಗಳು ಸೇರಿ ಪ್ರಾಣಿಗಳನ್ನೆಲ್ಲ ಹಳೆಯ ಸೀರೆಗಳಲ್ಲಿ ಸುತ್ತಿ ಬಕೆಟ್ಟು, ಬೇಸಿನ್ನು, ಹಬ್ಬದ ದೊಡ್ಡ ಪಾತ್ರೆಗಳಲ್ಲಿ ತುಂಬಿಟ್ಟರು. ಗೋಡೆ ಒಣಗಿದ ಮೇಲೆ ಮತ್ತೆ ಜೋಡಿಸಿದರು. ಸುಮಿತ್ರಾ ಅದನ್ನು ತನಗೆ ತಿಳಿದ ರೀತಿಯಲ್ಲಿ ಮಾಡಿದಳು: ಪಟ್ಟದ ಗೊಂಬೆಯ ಹಾಗೆ ನೀಲಿ ತಿಮಿಂಗಿಲ ಮೇಲಿನ ಹಲಗೆಗೆ, ಅದರ ಕೆಳಗೆ ಗಾತ್ರದ ಪ್ರಕಾರ ಉಳಿದವು, ಜೊತೆಗಿರುವವು ಜೊತೆಗೆ. ಗಾಜು ಫಳಫಳ ಹೊಳೆಯುವಂತೆ ಒರೆಸಿದಳು. ಅವರು ಬಂದು ನೋಡಿ ಸಂತೋಷಪಡಲಿ ಎಂದು ಅವಳ ಆಸೆ.

ಗಣೇಶ ಚತುರ್ಥಿ ಕಳೆದ ಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಾಳಿಗೆ ಹೊತ್ತು ತಂದರು. ಬಾಗಿಲಲ್ಲಿ ಆರತಿ ಆಯಿತು. ಹಾಲಿಗೆ ಬಂದ ಸತ್ಯಮೂರ್ತಿ ಬೀರುವಿನ ಕಡೆ ತಿರುಗಿ ತುಂಬ ಹೊತ್ತು ನೋಡಿದರು. ಆಮೇಲೆ ಎಡಗೈ ಎತ್ತಿ ಗಾಜಿಗೆ ತೋರಿಸಿ, "ಆಯ್ತು, ಆಯ್ತು" ಎಂದರು. ಇಷ್ಟವಾಯಿತು ಎಂದುಕೊಂಡು ಸುಮಿತ್ರಾ ನಕ್ಕಳು. ಅವರ ದನಿ ಏರಿತು. ಮುಖ ಕೆಂಪಾಯಿತು. ಸರಿಯಿದ್ದ ಕೈಯಿಂದ ಕುರ್ಚಿಯ ತೋಳನ್ನು ಬಡಿಯತೊಡಗಿದಾಗ ಅವಳ ನಗು ನಿಂತಿತು.

ಅಂದಿನಿಂದ ಶುರುವಾಯಿತು. ಏನೋ ತಪ್ಪಿದೆ ಎನ್ನುವುದು ಸ್ಪಷ್ಟ. ಏನು ಎನ್ನುವುದು ಗೊತ್ತಿಲ್ಲ. ಅವರು ಊಟ ಬಿಟ್ಟು ಬೀರು ತೋರಿಸುತ್ತಿದ್ದರು. ಸುಮಿತ್ರಾ ತಿಮಿಂಗಿಲವನ್ನು ಕೆಳಗಿಳಿಸಿದಳು, ಶಾರ್ಕುಗಳನ್ನು ಮೇಲೇರಿಸಿದಳು, ಆಮೆಯನ್ನು ಎಡಕ್ಕೆ, ಸೀಲನ್ನು ಬಲಕ್ಕೆ. ಪ್ರತಿ ಸಲವೂ ಅವರ ಮುಖ ನೋಡುವಳು. ಅವರು ಮತ್ತೆ ಕೈ ಎತ್ತುವರು.

"ಅಮ್ಮ, ಏಕ್ ಏಕ್ ಕರ್ಕೇ ತೋರ್ಸೋಣ," ಎಂದಳು ಶಾಮಲಾ. "ಪಪ್ಪಾ ಯಾವುದಕ್ಕೆ ರಿಯಾಕ್ಟ್ ಮಾಡ್ತಾರೆ ನೋಡೋಣ ನಾ."

ತೋರಿಸಿದರು. ಒಂದೊಂದನ್ನೂ ಅವರು ಎಡಗೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಪ್ರೀತಿಯಿಂದಲೇ ಹಿಂದಕ್ಕೆ ಕೊಟ್ಟರು. ಕೊನೆಯದು ಮುಗಿದ ಮೇಲೆ ಮಗಳ ಮುಖ ನೋಡಿದರು, ಇನ್ನೂ ಇದೆಯಲ್ಲ, ತೋರಿಸು ಎನ್ನುವ ಹಾಗೆ. ಹಾಗಾದರೆ ಯಾವುದೋ ಕಳೆದಿದೆಯೇ? ಸುಮಿತ್ರಾ ಬಕೆಟ್ಟು, ಪಾತ್ರೆ, ಅಟ್ಟ, ಸೀರೆಗಳ ಮಡಿಕೆ ಎಲ್ಲ ಜಾಲಾಡಿದಳು. ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿ ಕೇಳಿದಳು. ಅವನು ದೇವರಾಣೆ ಹಾಕಿದ. ಹಳೆಯ ಫೋಟೋ ಒಂದು ಸಿಕ್ಕಿತು, ಶಾಮಲಾಳ ಹುಟ್ಟುಹಬ್ಬದ್ದು; ಹಿಂದೆ ಬೀರು ಇತ್ತು. ಆದರೆ ಕ್ಯಾಮರಾದ ಬೆಳಕು ಗಾಜಿಗೆ ಹೊಡೆದು ಅಲ್ಲೆಲ್ಲ ಬರಿ ಬಿಳಿ ಕಲೆ. ಅದರ ಕೆಳಗೆ ನಗುವ ನೆಂಟರ ತಲೆಗಳು.

ಇಪ್ಪತ್ತೆರಡು ವರ್ಷ ಆ ಗಾಜು ಒರೆಸಿದ್ದೇನೆ, ಒಳಗೆ ಯಾವುದು ಎಲ್ಲಿತ್ತು ಎಂದು ನನಗೆ ಗೊತ್ತಿಲ್ಲ ಎಂಬುದು ಅವಳಿಗೆ ದಿನವೂ ಚುಚ್ಚುತ್ತಿತ್ತು.

ಅವರ ಎಡಗೈಗೆ ಪೆನ್ಸಿಲ್ ಕೊಟ್ಟು ನೋಡಿದರು. ಕೂದಲೆಳೆಯಷ್ಟು ನೇರ ಗೆರೆ ಎಳೆಯುತ್ತಿದ್ದ ಮನುಷ್ಯ ಬೆವರುತ್ತ, ತುಟಿ ಕಚ್ಚಿ, ಕಾಗದದ ಮೇಲೆ ಒಂದು ಬಾಗು ಎಳೆದರು. ತಿಮಿಂಗಿಲದ ಬೆನ್ನೋ, ಅಲೆಯೋ, ಬೀರುವಿನ ಮೂಲೆಯೋ. ತಾವೇ ಅದನ್ನು ನೋಡಿದರು. ಪೆನ್ಸಿಲನ್ನು ನಿಧಾನವಾಗಿ ಕೆಳಗಿಟ್ಟರು. ಮತ್ತೆ ಮುಟ್ಟಲಿಲ್ಲ.

ಡಿಸೆಂಬರಿನಲ್ಲಿ ದೂಜ ರಜೆಗೆ ಬಂದ. ವಿಷಯ ಕೇಳಿ ಚಪ್ಪಲಿ ಬಿಚ್ಚಿದವನೇ ನೇರ ಬೀರುವಿನ ಮುಂದೆ ನಿಂತ. ಸ್ವಲ್ಪ ಯೋಚಿಸಿ, ಮೂರ್ತಿಯವರು ಆಳದ ಪ್ರಕಾರ ಇಡುತ್ತಿದ್ದರು ಎಂದು ನೆನಪು ಮಾಡಿಕೊಂಡ. ನೀರ ಮೇಲೆ ಉಸಿರಾಡುವವು ಮೇಲೆ, ಕತ್ತಲೆಯಲ್ಲಿ ಇರುವವು ಕೆಳಗೆ. ಸುಮಿತ್ರಾಳಿಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ನೆಲದ ಮೇಲೆ ಕೂತು ಮಧ್ಯಾಹ್ನವಿಡೀ ಜೋಡಿಸಿದರು. ಸತ್ಯಮೂರ್ತಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದರು. ಕಣ್ಣು ಅರಳಿತು. ಒಮ್ಮೆ ನಕ್ಕರು ಕೂಡ. ಬಾಗಿಲು ಮುಚ್ಚುವ ಹೊತ್ತಿಗೆ ಎಡಗೈ ಮತ್ತೆ ಎದ್ದಿತು. ನಡುವಿನ ಹಲಗೆ, ಬಲಗಡೆ.

"ಅಲ್ಲಿ ಎಂತ ಇತ್ತು ಮೂರ್ತಿಯವರೇ?" ದೂಜ ಅವರ ಮೊಣಕಾಲಿನ ಬಳಿ ಕುಕ್ಕರಗಾಲಲ್ಲಿ ಕೂತ. "ನಾನು ತಂದದ್ದೇ? ಬೇರೆ ಯಾರಾದರೂ ಕೊಟ್ಟದ್ದೇ?"

"ಆಯ್ತು," ಎಂದರು ಅವರು, ಬೇಡುವ ದನಿಯಲ್ಲಿ.

ಹೊರಗೆ ಪ್ಯಾಸೇಜಿನಲ್ಲಿ ದೂಜ ತಲೆ ತಗ್ಗಿಸಿ ಮಾತಾಡಿದ. "ಅಕ್ಕ, ನನಗೆ ಒಂದು ಸಂಶಯ. ಅಲ್ಲಿ ಏನೂ ಇರಲಿಲ್ಲವೋ ಏನೋ. ಇನ್ನು ಬರಬೇಕಾದ್ದಕ್ಕೆ ಜಾಗ ಬಿಡುತ್ತಿದ್ದರು. ಹೋದ ಸಲ ನಾನು ಹೊರಡುವಾಗ, ಒಂದು ಬೇಕು, ತಾ, ಬಂದ ಮೇಲೆ ಹೇಳ್ತೇನೆ ಯಾಕೆ ಅಂತ ಅಂದಿದ್ದರು. ಯಾವುದು ಅಂತ ನನ್ನ ತಲೆಯಲ್ಲಿ ಉಳಿಯಲಿಲ್ಲ. ಕಡಲಹಸು ಇರಬೇಕು."

ಮುಂದಿನ ಪ್ರಯಾಣದಲ್ಲಿ ಅವನು ಕಡಲಹಸುವನ್ನು ತಂದ, ಸಿಂಗಾಪುರದಿಂದ. ಸರಿಯಾದ ಅಳತೆಯದೇ. ಅಷ್ಟು ತಿಂಗಳು ಸುಮಿತ್ರಾ ಅದರ ದಾರಿ ಕಾದಿದ್ದಳು. ಸಿದ್ಧಿವಿನಾಯಕನಿಗೆ ಹರಕೆ ಹೊತ್ತಿದ್ದಳು. ಬೂದು ಬಣ್ಣದ, ಮುದಿ ಅಜ್ಜಿಯಂಥ ಮುಖದ ಆ ಪ್ರಾಣಿಯನ್ನು ದೂಜ ಅವರ ಅಂಗೈಯಲ್ಲಿಟ್ಟ. ಅವರು ನೋಡಿದರು. ಹೆಬ್ಬೆರಳಿನಿಂದ ಅದರ ಬೆನ್ನು ಸವರಿದರು. ಆಮೇಲೆ ದೂಜನ ಕೈಯನ್ನು ತಾವೇ ಬಿಡಿಸಿ, ಅದನ್ನು ಅಲ್ಲಿಟ್ಟು, ಬೆರಳುಗಳನ್ನು ಮುಚ್ಚಿದರು. ಪಾಪ, ನೀನು ಕಷ್ಟಪಟ್ಟೆ, ಆದರೆ ಇದಲ್ಲ ಎನ್ನುವುದು ಆ ಮುಚ್ಚಿದ ರೀತಿಯಲ್ಲೇ ಇತ್ತು. ದೂಜ ಮುಖ ತಿರುಗಿಸಿಕೊಂಡ.

ಅವನು ಹೋದ ಮೇಲೆ ಮತ್ತೆ ಕೈ ಎದ್ದಾಗ ಸುಮಿತ್ರಾಳಿಗೆ ತಡೆಯಲಾಗಲಿಲ್ಲ. ಬೀರುವಿನ ಎರಡೂ ಬಾಗಿಲು ತೆರೆದು, ಅವರ ಕುರ್ಚಿಯನ್ನು ಅದರ ಮುಂದಕ್ಕೆ ಎಳೆದಳು.

"ನನಗೆ ಗೊತ್ತಾಗಲ್ಲಾಂದ್ರೆ," ಎಂದಳು. "ಎಷ್ಟು ಸಲ ತೋರಿಸಿದ್ರೂ ಗೊತ್ತಾಗಲ್ಲ. ನೀವೇ ಇಡಿ."

ಅವರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಎಡಗೈ ಚಾಚಿ ನೀಲಿ ತಿಮಿಂಗಿಲವನ್ನು ಹಿಡಿದರು. ಅದು ಒಂದು ಕೈಯಲ್ಲಿ ಎತ್ತುವಂಥದ್ದಲ್ಲ. ಹಲಗೆಯ ಅಂಚಿಗೆ ಬಂದು, ಜಾರಿ, ಅವರ ಸತ್ತ ಕಾಲಿನ ಮೇಲೆ ಬಿದ್ದು ನೆಲಕ್ಕುರುಳಿತು. ಬಾಲದ ಒಂದು ಹಾಳೆ ಮುರಿಯಿತು. ಕಾಲಿಗೆ ನೋವು ತಿಳಿಯಲಿಲ್ಲ. ಅವರು ನೋಡುತ್ತಿದ್ದದ್ದು ಬಾಲವನ್ನು. ಸುಮಿತ್ರಾ ನೆಲದ ಮೇಲೆ ಕೂತು ಚೂರುಗಳನ್ನು ಸೆರಗಿಗೆ ಹಾಕಿಕೊಳ್ಳುತ್ತ ಅತ್ತಳು. ಅವರು ಅಳಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟರು.

ಶಾಮಲಾ ಬಾಲವನ್ನು ಅಂಟಿಸಿದಳು. ಅಂಟಿನ ಗೆರೆ ಕಾಣುತ್ತಿತ್ತು. ಆದರೆ ಅಂದಿನಿಂದ ಅವರು ಬೀರು ತೋರಿಸುವುದನ್ನು ಬಿಟ್ಟರು. ಬೆಳಿಗ್ಗೆ ಎದ್ದರೆ ಕಿಟಕಿಯ ಕಡೆಗೆ ಕೈ ಮಾಡುವರು. ಕುರ್ಚಿಯನ್ನು ಅತ್ತ ತಿರುಗಿಸಿದರೆ ಕೆಳಗಿನ ರಿಕ್ಷಾ ಸ್ಟ್ಯಾಂಡು, ಗುಲ್‌ಮೊಹರ್ ಮರ, ದೂರದ ಲೋಕಲ್ ಗಾಡಿಗಳ ತಲೆ ನೋಡುತ್ತ ಕೂತುಬಿಡುವರು. ಊಟ ಸರಿಯಾಗಿ ಮಾಡತೊಡಗಿದರು. ಡಾಕ್ಟರು, ಈಗ ಎಷ್ಟೋ ಶಾಂತವಾಗಿದ್ದಾರೆ, ಒಳ್ಳೆಯದು ಎಂದರು.

ಸುಮಿತ್ರಾಳಿಗೆ ಆ ಶಾಂತಿಯನ್ನು ನೋಡಲಾಗುತ್ತಿರಲಿಲ್ಲ. ನಿಲ್ಲಲಿ ಎಂದು ಅವಳೇ ಬೇಡಿಕೊಂಡಿದ್ದಳು; ನಿಂತ ಮೇಲೆ ಆ ಎತ್ತಿದ ಕೈಗಾಗಿ ಹಂಬಲಿಸಿದಳು. ದಾದರಿನ ಹಳೆಯ ಪುಸ್ತಕದ ಅಂಗಡಿಗೆ ಶಾಮಲಾಳನ್ನು ಕಳಿಸಿ ಕಡಲಪ್ರಾಣಿಗಳ ಚಿತ್ರದ ಪುಸ್ತಕ ತರಿಸಿದಳು. ಮಗಳಿಂದ ಓದಿಸಿ ಒಂದೊಂದರ ಹೆಸರು, ತೂಕ, ಆಳ ಎಲ್ಲ ಬಾಯಿಪಾಠ ಮಾಡಿದಳು. ಭಾನುವಾರ ಬೆಳಿಗ್ಗೆ ಬನಿಯನ್ನಿನ ಚೂರು ಹಿಡಿದು, ಅವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತ ಒರೆಸುವಳು. ಆಗೀಗ ಬೇಕೆಂದೇ ಯಾವುದನ್ನಾದರೂ ತಪ್ಪು ಹಲಗೆಯಲ್ಲಿಟ್ಟು ದಿನವಿಡೀ ಕಾಯುವಳು. ಅವರು ತಿರುಗುತ್ತಿರಲಿಲ್ಲ.

ತೊಂಬತ್ತರ ಬೇಸಗೆಯಲ್ಲಿ ಶಾಮಲಾಳ ಗೆಳತಿ ವಾರಿಜಾ ಮನೆಗೆ ಬಂದಳು. ಪ್ರಾಣಿಶಾಸ್ತ್ರ ಓದುತ್ತಿದ್ದ ಹುಡುಗಿ. ಬೀರು ಕಂಡು ಅಲ್ಲೇ ನಿಂತಳು. ಸುಮಿತ್ರಾ ಬಾಗಿಲು ತೆರೆದು ತೋರಿಸಿದಳು. ಅಳತೆಯ ವಿಷಯ ಹೇಳಿದಳು, ಆಳದ ವಿಷಯ ಹೇಳಿದಳು. ಹುಡುಗಿ ಬೆರಗಾಗಿ ಕೇಳುತ್ತಿದ್ದಳು. ಕಿಟಕಿಯ ಬಳಿಯ ಕುರ್ಚಿ ಅಲ್ಲಾಡಲಿಲ್ಲ. ಆಗ ಸುಮಿತ್ರಾ ನೀಲಿ ತಿಮಿಂಗಿಲದ ಮೇಲೆ ಕೈಯಿಟ್ಟು, ದನಿ ಎತ್ತರಿಸಿ ಹೇಳಿದಳು.

"ಇದು ಎಲ್ಲ ಮೀನಿಗಿಂತ ದೊಡ್ಡ ಮೀನು. ಮಣ್ಣಲ್ಲಿ ಮೊಟ್ಟೆ ಇಟ್ಟು ಹೋಗತ್ತೆ."

ಶಾಮಲಾ ಬೆಚ್ಚಿ ಅಮ್ಮನನ್ನು ನೋಡಿದಳು. ಏನೋ ಹೇಳಲು ಹೋಗಿ, ಅಮ್ಮನ ಕಣ್ಣು ಎಲ್ಲಿ ನೆಟ್ಟಿದೆ ಎಂದು ಕಂಡು ಸುಮ್ಮನಾದಳು. ಕುರ್ಚಿಯ ಮೇಲಿನ ನರೆತ ತಲೆ ಹಾಗೆಯೇ ಹೊರಗೆ ನೋಡುತ್ತಿತ್ತು. ಕೆಳಗೆ ಯಾವನೋ ರಿಕ್ಷಾದವನು ಗಾಡಿ ಚಾಲೂ ಮಾಡಲು ಒದ್ದಾಡುತ್ತಿದ್ದ.

"ಆಂಟಿ," ವಾರಿಜಾ ಸಂಕೋಚದಿಂದ ಹೇಳಿದಳು, "ವೇಲ್ ಮೀನಲ್ಲ. ಮೊಟ್ಟೆ ಇಡೋದಿಲ್ಲ. ಮರಿಗೆ ಹಾಲು ಕೊಡ್ತದೆ."

"ಹೌದಾ," ಎಂದಳು ಸುಮಿತ್ರಾ. "ಹಾಗೇ ಇರಬೇಕು."

ಬಾಗಿಲು ಮುಚ್ಚಿ ಅಡಿಗೆಮನೆಗೆ ಹೋದಳು. ಹುಡುಗಿಯರಿಗೆ ಚಹಾ ಕೊಟ್ಟು, ಗಂಡನದನ್ನು ಸಾಸರಿಗೆ ಬಗ್ಗಿಸಿಕೊಂಡು ಕಿಟಕಿಯ ಬಳಿ ಬಂದಳು. ಹೆಗಲಿನ ಟವೆಲನ್ನು ಗಲ್ಲದ ಕೆಳಗೆ ಸರಿಮಾಡಿದಳು. ಇನ್ನೂ ಬಿಸಿಯಿತ್ತು, ಊದಿದಳು. ಅವರು ಹೊರಗಿನಿಂದ ಕಣ್ಣು ತೆಗೆಯದೆ ಬಾಯಿ ತೆರೆದರು.