ಕಳ್ಳರಿಗೆಂದು ಹಾಕಿಸಿದ ಬೋಲ್ಟು

ಹಿಂದಿನ ಬೈಕು ಚನ್ನರಾಯಪಟ್ಟಣದಲ್ಲಿ ಕಳುವಾದಾಗ ನಾನು ತುಂಬ ಅತ್ತಿದ್ದೆ. ಅದಕ್ಕೇ ನನ್ನ ಗಂಡ ಕಾಂತರಾಜು ಹೊಸ ಬೈಕಿನ ಬೀಗಕ್ಕೆ ಬೇರೆಯವರು ಬಿಚ್ಚಲಾಗದ ಬೋಲ್ಟು ಹಾಕಿಸಿದರು. ಅದರ ವಿಶೇಷ ಕೀ ಎಲ್ಲಿದೆಯೆಂದು ಅವರಿಗಷ್ಟೇ ಗೊತ್ತಿತ್ತು. ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ನನ್ನ ಗುರುತೂ ಉಳಿದಿಲ್ಲ.

ಬೀಗ ಕೆಟ್ಟಿತು; ಬದಲಿಸಬೇಕೆಂದರೆ ಆ ಬೋಲ್ಟು ಬಿಚ್ಚಲೇಬೇಕು. ಗಾಡಿ ನೋಡಿಯಾದರೂ ಏನಾದರೂ ನೆನಪಾದೀತೆಂದು ಹೊಳೆನರಸೀಪುರದ ಮೆಕ್ಯಾನಿಕ್ ಗೌತಮನ ಅಂಗಡಿಗೆ ಅವರನ್ನೂ ಕರೆದೊಯ್ದೆ.

“ಅಣ್ಣೋ, ಕೀ ಎಲ್ಲಿಕ್ಕಿದ್ದೀಯ?” ಎಂದ ಗೌತಮ. ಅವರು ಸುಮ್ಮನೆ ನಕ್ಕರು.

“ಇನ್ನೇನ್ ಮಾಡದಕ್ಕಾ, ಡ್ರಿಲ್ ಒಡ್ದುಬುಡ್ತೀನಿ.”

ಬೋಲ್ಟು ಕಳಚಿ ಬಿದ್ದದ್ದೇ ಅವರು ಎದ್ದು ಗೌತಮನ ಕೈ ಹಿಡಿದರು. “ಕಳ್ನನ್ಮಗನೆ, ನನ್ ಗಾಡಿ ಕಣ್ಲಾ ಅದು!”

ನೆನಪಾಯಿತು! ನಾನು ಓಡಿ ಎದುರು ನಿಂತೆ. “ರೀ, ನಾನ್ಯಾರು ಹೇಳಿ?”

ಅವರು ನನ್ನನ್ನು ದಿಟ್ಟಿಸಿದರು. “ಯಾರಾದ್ರೂ ಆಗ್ಲಿ ತಾಯಿ, ಮದ್ಲು ಪೊಲೀಸ್ನೋರ್ನ ಕರೀರಿ. ಇದೂ ಓಗ್ಬುಟ್ರೆ ನನ್ನೆಂಡ್ತಿ ಅಳ್ತಾಳೆ.”