ಕಾಟಾದ ಮೇಲೆ ಕಟ್ಟಿದ ತಂಡ

"ಐವತ್ತೆರಡು! ಲೇ ಕನಕ್ಯಾ, ನಿನಗಿಂತ ನಮ್ಮ ಒಣ ಮೆಣಸಿನಕಾಯಿ ಚೀಲನ ವಜ್ಜಿ ಐತಲ್ಲೋ! ಇಳಿ ಇಳಿ, ಗಾಳಿ ಬಿಟ್ರ ಹಾರಿ ಹೋಗಿ ರೈಲ್ವೆ ಹಳಿ ಮ್ಯಾಲ ಬಿದ್ದಿ!"

ಅಂದಪ್ಪ ಸಾಹುಕಾರರು ಇಷ್ಟು ಜೋರಾಗಿ ಕೂಗಿದ ಮೇಲೆ ಯಾರು ನಗದೇ ಇರುತ್ತಾರೆ? ಸಾಲಿನಲ್ಲಿ ನಿಂತಿದ್ದ ಹದಿನೆಂಟು ಹುಡುಗರೂ ನಕ್ಕರು. ಯಳವತ್ತಿಯ ಕನಕರಾಜ ಕಾಟಾದಿಂದ ಕೆಳಗಿಳಿದ. ಕಾಟಾ ಅಂದರೆ ಚೀಲ ತೂಗುವ ಕಬ್ಬಿಣದ ತಕ್ಕಡಿ. ಅದರ ಮೇಲೆ ಮನುಷ್ಯರನ್ನು ನಿಲ್ಲಿಸಿ ತೂಗುತ್ತಿದ್ದರು.

ಬೆಟಗೇರಿಯಲ್ಲಿ ಅಂದಪ್ಪನವರ ಗೋಡೌನಿನ ಹಿಂದಿನ ಬಯಲಲ್ಲಿ ಪ್ರತಿ ಭಾನುವಾರ ಒಂದು ಶಿಬಿರ ನಡೆಯುತ್ತಿತ್ತು. ಕಬಡ್ಡಿ ಆಡಿ ಗೊತ್ತಿಲ್ಲದ ಹೊಸಬರಿಗೆ ಆಟ ಕಲಿಸಿ, ಪಂದ್ಯಕ್ಕೆ ತಂಡ ಕಟ್ಟುವ ಶಿಬಿರ. ಮೊದಲ ಭಾನುವಾರ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಸ್ಸು ಹತ್ತಿ ನಲವತ್ತೆರಡು ಜನ ಬಂದಿದ್ದರು. ಐದನೆಯ ಭಾನುವಾರವಾದ ಆ ದಿನ ಉಳಿದವರು ಹತ್ತೊಂಬತ್ತು. ಮಿಕ್ಕ ಇಪ್ಪತ್ತಮೂರು ಜನ ಎಲ್ಲಿ ಹೋದರು? ಯಾರೂ ಕೇಳಲಿಲ್ಲ.

ನಡೆಯುತ್ತಿದ್ದದ್ದು ಹೀಗೆ. ಮುಂದೆ ಆಡಬೇಕಿದ್ದ ಮುಂಡರಗಿಯ ಪಂದ್ಯ ಅರವತ್ತೈದು ಕೇಜಿ ಒಳಗಿನವರದು. ಸಾಹುಕಾರರದು ಮೂರು ತಲೆಮಾರಿನ ಮೆಣಸಿನಕಾಯಿ ವ್ಯಾಪಾರ. ಚೀಲ ಅಂದಮೇಲೆ ಬಾಯಿವರೆಗೂ ತುಂಬಬೇಕು ಎಂಬುದು ಅವರ ಕೈಗೆ ಅಂಟಿದ ಲೆಕ್ಕ. ಅರವತ್ತೈದಕ್ಕೆ ಅತಿ ಹತ್ತಿರ ಇದ್ದ ಏಳು ಜನರನ್ನು ಆರಿಸಿದರೆ ತಂಡ ಆಯಿತು. ಉಳಿದವರು ಸುಣ್ಣದ ಗೆರೆ ಎಳೆಯಬೇಕು, ನೆರಳಲ್ಲಿ ಕೂತು ಚಪ್ಪಾಳೆ ಹೊಡೆಯಬೇಕು. ಹಗುರ ಇದ್ದವರು ತೂಕಕ್ಕೆ ಮೊದಲು ತಂಬಿಗೆಗಟ್ಟಲೆ ನೀರು ಕುಡಿದು ಹೊಟ್ಟೆ ಕುಲುಕುತ್ತ ಬರುತ್ತಿದ್ದರು. ಭಾರ ಇದ್ದವರು ಹಿಂದಿನ ದಿನದಿಂದ ನೀರೇ ಮುಟ್ಟುತ್ತಿರಲಿಲ್ಲ. ಇದು ಶಿಬಿರವಂತೆ!

ಕನಕರಾಜನಿಗೆ ಇಪ್ಪತ್ತು ವರ್ಷ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆಮೇಲೆ ಕಾಳು ಒಕ್ಕುವ ರಾಶಿ ಮಷಿನ್ನಿನ ಹಿಂದೆ ಊರೂರು ತಿರುಗಿದ. ಶಾಲೆ ಬಿಟ್ಟ ಮೇಲೆ ಯಾರಾದರೂ 'ಬಾ, ಕಲಿಸ್ತೀವಿ' ಎಂದು ಕರೆದದ್ದು ಇದೇ ಮೊದಲು. ಅದಕ್ಕೇ ಐದು ವಾರ ತಪ್ಪದೆ ಬಂದಿದ್ದ. ಹಿಂದಿನ ನಾಲ್ಕು ವಾರವೂ ಗೆರೆ ಎಳೆದಿದ್ದ. ಇವತ್ತು ತಡೆದುಕೊಳ್ಳಲಾಗಲಿಲ್ಲ.

"ಸಾವಕಾರ್ರ, ನಿಮ್ಮ ವಜ್ಜಿ ಚೀಲಗೋಳು ಶಿರಹಟ್ಟಿ ಪಂದ್ಯದಾಗ ಹನ್ನೆರಡ ಮಿನಿಟಿನ್ಯಾಗ ಎಲ್ಲಾ ಔಟ್ ಆಗಿ ಹೊರಗ ಕುಂತಿದ್ವಲ್ರಿ? ಅವನ್ನ ಯಾವ ಕಾಟಾದಾಗ ತೂಗಿದ್ರಿ?"

ಈಗ ಯಾರೂ ನಗಲಿಲ್ಲ.

"ಹೊರಗ ನಡಿಲೇ," ಎಂದರು ಸಾಹುಕಾರರು. "ಮುಂದಿನ ಐತವಾರ ಇಲ್ಲಿ ಕಾಲಿಡಬ್ಯಾಡ."

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕನಕರಾಜನ ಹಿಂದಿನ ಸೀಟಿನಲ್ಲಿ ನೂರೀನ ಕೂತಿದ್ದಳು. ಯೂನಿವರ್ಸಿಟಿ ತಂಡಕ್ಕೆ ಕಬಡ್ಡಿ ಆಡಿದವಳು, ಈಗ ಲಕ್ಷ್ಮೇಶ್ವರದಲ್ಲಿ ಹುಡುಗಿಯರಿಗೆ ಆಟ ಕಲಿಸುವವಳು. ಆ ದಿನ ಶಿಬಿರ ನೋಡಲು ಬಂದು ಎಲ್ಲವನ್ನೂ ನೋಡಿದ್ದಳು. ಯಳವತ್ತಿಯಲ್ಲಿ ಅವಳ ಚಿಕ್ಕಮ್ಮ ದಿಲಶಾದಬಿಯ ಮನೆ ಕನಕರಾಜನ ಮನೆಗೆ ಅಂಟಿಕೊಂಡೇ ಇದೆ; ಅವಳು ಅಲ್ಲಿಗೇ ಹೊರಟಿದ್ದಳು.

"ಕನಕರಾಜ, ನೀ ಅಂದಿದ್ದು ಖರೆ ಐತಿ," ಎಂದಳು. "ಆದ್ರ ಒಂದು ಕೇಳ್ತೀನಿ. ನಿನಗ ಆಟದಾಗ ಏನ ಬರ್ತೈತಿ?"

"ನಾ ರೇಡರ್ ಅಕ್ಕಾ. ಎದುರಿನವರ ಅಂಗಳಕ್ಕ ನುಗ್ಗಿ ಮುಟ್ಟಿ ಬರಾವ."

"ಯಾರ ಹೇಳಿದ್ರು?"

"ನಾನ ಹೇಳ್ತೀನಿ!"

"ನುಗ್ಗುವಾಗ ಯಾವ ಕಾಲ ಮುಂದ ಇಡ್ತಿ?"

ಕನಕರಾಜ ತನ್ನ ಕಾಲು ನೋಡಿಕೊಂಡ. ಗೊತ್ತಿರಲಿಲ್ಲ. ಐದು ವಾರದಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ನಾಚಿಕೆಗಿಂತ ಸಿಟ್ಟೇ ಹೆಚ್ಚಾಯಿತು. ಊರು ಬರುವವರೆಗೂ ಕಿಟಕಿಯ ಸರಳು ಹಿಡಿದು ಅಲುಗಿಸುತ್ತಲೇ ಇದ್ದ.

ಮನೆಗೆ ಬರುವಷ್ಟರಲ್ಲಿ ಖಬರು ಅವನಿಗಿಂತ ಮೊದಲೇ ಬಂದಿತ್ತು. ಯಾರೋ ವಿಡಿಯೋ ಮಾಡಿ ಕಳಿಸಿದ್ದರು. ಅವನ ತಾಯಿ ತಿಪ್ಪವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಕೇರುವ ಸಪ್ಪಳದಲ್ಲೇ ಅವಳ ಸಿಟ್ಟು ತಿಳಿಯುತ್ತಿತ್ತು.

"ಬಂದೇನಪಾ ಮೆಣಸಿನಕಾಯಿ ಚೀಲಾ? ನಾಲ್ಕ ಮಂದ್ಯಾಗ ಬೈಸ್ಕೊಳ್ಳಾಕ ಬಸ್ಸ ಹತ್ತಿ ಹೋಗಬೇಕೇನು? ಊರಾಗ ನಾ ಇದ್ದೆನಲ್ಲೋ ಬೈಯ್ಯಾಕ! ಸಾಕ, ಇನ್ನ ಹೋಗಬ್ಯಾಡ."

"ಯವ್ವಾ, ಸುಮ್ನಿರು."

"ತಿಪ್ಪಕ್ಕಾ," ಎಂದು ನೂರೀನ ಕಟ್ಟೆಯ ತುದಿಗೆ ಕೂತಳು. "ನೀವು ಲಗ್ನದ ಮನಿಗಿ ರೊಟ್ಟಿ ಬಡಿಯಾಕ ಹೋಗ್ತೀರಲ್ಲ, ಎಷ್ಟ ಮಂದಿ ಕರಕೊಂಡು ಹೋಗ್ತೀರಿ?"

"ಎಂಟ ಮಂದಿ. ಯಾಕ?"

"ಎಂಟೂ ಮಂದಿ ಬಡಿಯೋರನ್ನ ಕರಕೊಂಡು ಹೋದ್ರ?"

ತಿಪ್ಪವ್ವ ಮೊರ ನಿಲ್ಲಿಸಿದಳು. "ಹುಚ್ಚಿ ಇದ್ದೀಯೇನ ನೀನು? ಎಲ್ಲಾರೂ ಬಡಿದ್ರ ಹಿಟ್ಟ ನಾದಾವ್ರು ಯಾರು? ಹಂಚಿನ ಮುಂದ ಕುಂದ್ರಾವ್ರು ಯಾರು? ಒಲಿ ನೋಡಾಕ ಒಬ್ಬಾಕಿ ಬೇಕು. ಒಬ್ಬಾಕಿ ಎದ್ದ ಹೋದ್ರ ಆ ಜಾಗಾಕ್ಕ ಇನ್ನೊಬ್ಬಾಕಿ ಬರಬೇಕು."

"ಹೊಸಾಕಿ ಬಂದ್ರ ಏನ ಮಾಡ್ತೀರಿ? ತೂಗಿ ನೋಡ್ತೀರೇನು?"

"ತೂಗಿದ್ರ ದಿಲಶಾದಬಿ ಒಬ್ಬಾಕೇ ಸಾಕು, ಎಂಟ ಮಂದಿ ಆಕ್ಕಾಳ!"

"ಕೇಳಿಸ್ತು ನನಗ!" ಎಂದು ಒಳಗಿಂದ ದಿಲಶಾದಬಿ ಕೂಗಿದಳು.

ತಿಪ್ಪವ್ವ ನಗು ನುಂಗಿ ಹೇಳಿದಳು: "ಹೊಸಾಕಿನ್ನ ಒಂದೊಂದ ಕಡೆ ಸ್ವಲ್ಪ ಹೊತ್ತ ಕುಂದ್ರಸ್ತೀನಿ. ನಾದಸ್ತೀನಿ, ಬಡಿಸ್ತೀನಿ, ಬೇಯಿಸಾಕ ಹಚ್ತೀನಿ. ಕೈ ಎಲ್ಲಿ ಚಲೋ ಓಡತೈತಿ ನೋಡಿ ಅಲ್ಲೆ ಬಿಡ್ತೀನಿ. ಮೊದಲನೇ ದಿನ ರೊಟ್ಟಿ ಹರದ್ರೂ ಬೈಯೂದಿಲ್ಲ. ಬೈದ್ರ ಮರುದಿನ ಬರೂದಿಲ್ಲ ಆಕಿ, ಮತ್ತ ನಾನ ಬಡೀಬೇಕಾಕ್ಕೈತಿ."

"ತಂಡ ಕಟ್ಟೂದು ಅಂದ್ರ ಇಷ್ಟ ತಿಪ್ಪಕ್ಕಾ," ಎಂದಳು ನೂರೀನ. "ಏಳ ಮಂದ್ಯಾಗ ನುಗ್ಗಾವ್ರು ಬ್ಯಾರೆ, ಮೂಲ್ಯಾಗ ನಿಂತು ಕಾಲ ಹಿಡಿಯಾವ್ರು ಬ್ಯಾರೆ, ನಡುವ ತಡಿಯಾವ್ರು ಬ್ಯಾರೆ. ಶಿರಹಟ್ಟಿ ಪಂದ್ಯ ನಾನೂ ನೋಡೇನಿ, ಸಾವಕಾರ್ರ ತಂಡದಾಗ ನುಗ್ಗಾವ ಒಬ್ಬನ ಇದ್ದ, ಹುಚ್ಚಪ್ಪ. ಅವ ಔಟಾದ ಮ್ಯಾಲ ಪಾಯಿಂಟ್ ತರಾವ್ರ ಇಲ್ಲ. ಪಾಯಿಂಟ್ ಬರದ ಅವ ತಿರುಗಿ ಒಳಗ ಬರಂಗಿಲ್ಲ. ಅದಕ್ಕ ಹನ್ನೆರಡ ಮಿನಿಟಿನ್ಯಾಗ ಎಲ್ಲಾ ಹೊರಗ."

ತಿಪ್ಪವ್ವ ಜೋಳದ ಮೊರ ಪಕ್ಕಕ್ಕಿಟ್ಟಳು. "ಅಷ್ಟ ದೊಡ್ಡ ಸಾವಕಾರ, ಇಷ್ಟ ತಿಳಿಯೂದಿಲ್ಲೇನು ಅವಗ? ಮುಂದಿನ ಐತವಾರ ನಾನೂ ಬರ್ತೀನಿ. ಒಂದ ಐತವಾರ, ನೋಡ ಕನಕ್ಯಾ. ಅವತ್ತೂ ಇದ ಹಣೇಬಾರ ಆದ್ರ ಕಬಡ್ಡಿ ಬಂದ್!"

ಆರನೆಯ ಭಾನುವಾರ ಮೂವರೂ ಬೆಟಗೇರಿಗೆ ಹೋದರು. ಕಾಟಾದ ಮುಂದೆ ಸಾಲು ನಿಂತಿತ್ತು. ಕನಕರಾಜನನ್ನು ಕಂಡು ಸಾಹುಕಾರರು ಹುಬ್ಬು ಗಂಟು ಹಾಕಿದರು. ಹಿಂದೆ ನಿಂತ ತಿಪ್ಪವ್ವ, 'ತೂಗೂದ ಬಿಟ್ಟು ಹುಡುಗುರನ್ನ ಆಡಿಸಿ ನೋಡ್ರಿ' ಎಂದಾಗ ಅವಳ ಕಡೆ ತಿರುಗಿದರು.

"ತೂಕ ನೋಡದ ಹೆಂಗ ನಡಿತೈತಿ ಯವ್ವಾ? ಅರವತ್ತೈದರ ಪಂದ್ಯ ಐತಿ. ನಾ ಏನ ಕೆಟ್ಟವ ಅಲ್ಲ. ಜಾಗಾ ನಂದ, ಉಪ್ಪಿಟ್ಟ ನಮ್ಮ ಮನೀದು."

"ನಿಮ್ಮ ಉಪ್ಪಿಟ್ಟಿಗೆ ಯಾರೂ ಹೆಸರ ಇಟ್ಟಿಲ್ರಿ," ಎಂದಳು ನೂರೀನ. "ಆದ್ರ ಅರವತ್ತೈದು ದಾಟಬಾರದು ಅಂದ್ರ, ಅರವತ್ತೈದಕ್ಕ ಮುಟ್ಟಬೇಕು ಅಂತಲ್ಲ. ಐವತ್ತೆರಡ ಇದ್ದವನೂ ಆಡಬಹುದು."

ಅಷ್ಟರಲ್ಲಿ ಸಾಲಿನಲ್ಲಿ ಧಡ್ ಎಂದು ಸದ್ದಾಯಿತು. ಹುಚ್ಚಪ್ಪ ಬಿದ್ದಿದ್ದ. ಅರವತ್ತೇಳು ಕೇಜಿ ಇದ್ದವನು, ಎರಡು ಕೇಜಿ ಇಳಿಸಲು ಶುಕ್ರವಾರದಿಂದ ನೀರು ಬಿಟ್ಟಿದ್ದ. ತುಟಿ ಒಡೆದಿತ್ತು, ಕಣ್ಣು ಮೇಲೆ ಹೋಗಿತ್ತು.

ನೂರೀನ ಅವನನ್ನು ನೆರಳಿಗೆ ಎಳೆಸಿ ಕಾಲು ಎತ್ತಿ ಇಡಿಸಿದಳು. ಎಚ್ಚರವಾಗುವ ತನಕ ಬಾಯಿಗೆ ಏನೂ ಹಾಕಲು ಬಿಡಲಿಲ್ಲ. ಎಚ್ಚರವಾದ ಮೇಲೆ ಸಕ್ಕರೆ, ಉಪ್ಪು ಹಾಕಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಸಾಹುಕಾರರೇ ತಮ್ಮ ಗಾಡಿಯಲ್ಲಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂದು ಬಾಟಲಿ ಸಲೈನ್ ಏರಿತು. ತಡವಾಗಿದ್ದರೆ ಮೂತ್ರಪಿಂಡಕ್ಕೆ ಪೆಟ್ಟಾಗುತ್ತಿತ್ತು ಎಂದರು ಡಾಕ್ಟರು.

ಮರಳಿ ಬಂದಾಗ ಸಾಹುಕಾರರ ದನಿ ಇಳಿದಿತ್ತು. "ಆತವ್ವ ನೂರೀನಾ. ನೀ ಹೇಳಿದಂಗ ಮಾಡು. ನಾ ನೋಡ್ತೀನಿ."

ಅಂದು ಯಾರೂ ಕಾಟಾ ಏರಲಿಲ್ಲ. ಪ್ರತಿಯೊಬ್ಬ ಹೊಸಬನೂ ಹದಿನೈದು ನಿಮಿಷ ನುಗ್ಗಬೇಕು, ಹದಿನೈದು ನಿಮಿಷ ಮೂಲೆಯಲ್ಲಿ ನಿಲ್ಲಬೇಕು, ಹದಿನೈದು ನಿಮಿಷ ನಡುವೆ ತಡೆಯಬೇಕು. ನೋಡಿದ್ದನ್ನು ನೂರೀನ ಹಾಳೆಯಲ್ಲಿ ಬರೆದಳು. ಹೆಸರಿನ ಮುಂದೆ ಕಿಲೋ ಇರಲಿಲ್ಲ. 'ಎಡಗಾಲು ಮುಂದೆ', 'ಕೈ ಗಟ್ಟಿ', 'ಬೇಗ ಹೆದರುತ್ತಾನೆ, ಜೊತೆ ಬೇಕು' ಎಂದಿತ್ತು.

ಕನಕರಾಜ ಮೂರು ಸಲ ನುಗ್ಗಿದ. ಮೂರು ಸಲವೂ ಔಟಾದ.

"ಮೂಲಿಗೆ ನಿಂದ್ರು," ಎಂದಳು ನೂರೀನ.

"ನಾ ರೇಡರ್ ಅಂತ ಹೇಳೇನಿಲ್ಲೋ ಅಕ್ಕಾ!"

"ನಿಂದ್ರಲೇ ಒಂದ್ಸಲ. ಆಮ್ಯಾಲ ನನ್ನ ಬೈಯ್ಯಂತಿ."

ಹಲ್ಲು ಕಚ್ಚಿಕೊಂಡು ಎಡ ಮೂಲೆಯಲ್ಲಿ ನಿಂತ. ಹಮ್ಮಿಗಿಯ ಮೌನೇಶ ನುಗ್ಗಿ ಬಂದ. ಅರವತ್ತನಾಲ್ಕು ಕೇಜಿಯ ಗೂಳಿಯಂಥವನು. ಕನಕರಾಜ ನೆಲಕ್ಕೆ ಹತ್ತಿದಂತೆ ಕೂತಿದ್ದ. ಮೌನೇಶ ತಿರುಗುವುದರೊಳಗೆ ಅವನ ಹಿಮ್ಮಡಿ ಕನಕರಾಜನ ಎರಡೂ ಕೈಯಲ್ಲಿತ್ತು. ಗೂಳಿ ಬೋರಲು ಬಿತ್ತು. ಇನ್ನೊಮ್ಮೆ ಬಂದ, ಇನ್ನೊಮ್ಮೆ ಬಿದ್ದ. ಆದರೆ ಉಳಿದವರ ಎದುರು ನುಗ್ಗಿದಾಗ ಮೌನೇಶನನ್ನು ಯಾರಿಗೂ ತಡೆಯಲಾಗಲಿಲ್ಲ. ಐದು ವಾರ ಅವನನ್ನು ಮೂಲೆಯಲ್ಲಿ ನಿಲ್ಲಿಸಿದ್ದರು, ಭಾರ ಇದ್ದಾನೆಂದು!

ತಿಪ್ಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆಯ ಹೊರಗೆ ನಿಂತು ಕೂಗಿದಳು: "ಹಂಚಿನ ಮುಂದ ಕುಂದ್ರಾಂವನ್ನ ಹಿಟ್ಟ ನಾದಾಕ ಹಚ್ಚಿದ್ರಲ್ರಿ ಸಾವಕಾರ್ರ! ಕನಕ್ಯಾ, ಮುಂದಿನ ಐತವಾರ ಬಸ್ಸಿನ ಪಾಸ್ ನಾನ ಮಾಡಸ್ತೀನಿ!"

ಇದನ್ನು ಓದುತ್ತಿರುವವರೇ, ನಿಮ್ಮೂರಲ್ಲೂ ಶಿಬಿರ ನಡೆಯುತ್ತಿರಬಹುದು. ಕಬಡ್ಡಿ ಇರಲಿ, ಖೋಖೋ ಇರಲಿ, ಮೊಬೈಲಿನಲ್ಲಿ ಐವರು ಕೂಡಿ ಆಡುವ ಆಟವೇ ಇರಲಿ. ದಯವಿಟ್ಟು ಹೊಸಬನಿಗೆ ಮೊದಲ ದಿನವೇ ಆಡಲು ಕೊಡಿ. ಎಲ್ಲ ಜಾಗದಲ್ಲೂ ನಿಲ್ಲಿಸಿ ನೋಡಿ, ನೋಡಿದ್ದನ್ನು ಬರೆದಿಡಿ. ಒಂದೇ ಥರದ ಏಳು ಜನರನ್ನು ಸೇರಿಸಿ ಅದಕ್ಕೆ ತಂಡ ಎನ್ನಬೇಡಿ. ತೂಕಕ್ಕಾಗಿ ನೀರು ಬಿಡಿಸಬೇಡಿ, ಅದು ಜೀವಕ್ಕೆ ಬರುತ್ತದೆ. ಹೊಸಬರೇ, ನಿಮಗೂ ಒಂದು ಮಾತು. ನಾನು ಇಂಥವನೇ ಎಂದು ಹಟ ಹಿಡಿಯಬೇಡಿ, ಮೂರೂ ಕಡೆ ನಿಂತು ನೋಡಿ. ಇನ್ನು ಯಾರನ್ನಾದರೂ ನಾಲ್ಕು ಜನರ ಮುಂದೆ ಬೈದು ಓಡಿಸಿದ್ದರೆ, ಬೈದವರೇ ಅವರ ಮನೆಗೆ ಹೋಗಿ ಕರೆಯಿರಿ. ಇನ್ನೊಬ್ಬರ ಕೈಯಲ್ಲಿ ಹೇಳಿಕಳಿಸಬೇಡಿ.

ಆ ಮಧ್ಯಾಹ್ನ ಉಪ್ಪಿಟ್ಟು ತಿನ್ನುವಾಗ ಅಂದಪ್ಪ ಸಾಹುಕಾರರು ಕನಕರಾಜನ ಹತ್ತಿರ ಬಂದರು. ತಟ್ಟೆಗೆ ತಾವೇ ಇನ್ನೊಂದು ಸೌಟು ಹಾಕಿದರು.

"ಕನಕರಾಜಾ, ಆ ಬಿಟ್ಟ ಹೋದ ಇಪ್ಪತ್ತಮೂರ ಹುಡುಗುರು ಅದಾರಲ್ಲ, ಅವರ ಮನಿ ನಿನಗ ಗೊತ್ತ ಅದಾವು. ನೀ ಒಂದೀಟ ಹೋಗಿ ಕರಕೊಂಡ ಬಾರಪಾ. ನಾ ಹೋದ್ರ ಚಂದ ಕಾಣಂಗಿಲ್ಲ. ನೀ ಹೇಳಿದ್ರ ಬರ್ತಾರ. ಹೋಗ್ತಿಯಿಲ್ಲೋ?"

ಕನಕರಾಜ ತಟ್ಟೆಯನ್ನು ಅವರ ಕೈಗೆ ಕೊಟ್ಟ. ಕೈಯನ್ನು ಚಡ್ಡಿಗೆ ಒರೆಸಿಕೊಂಡ. "ಬೈದು ಕಳಿಸಿದವ್ರು ನೀವು, ನೀವ ಹೋಗಿ ಕರೀರಿ," ಎಂದು ತಿರುಗಿ ಎಡ ಮೂಲೆಯ ಕಡೆ ನಡೆದ.