ಜರಡಿಯಲ್ಲಿ ಉಳಿದ ಹೆಸರು

ನಿವಾಲ್ದೊ ತನ್ನ ಹೊಸ ಉಪಾಯಕ್ಕೆ ಜರಡಿ ಎಂದು ಹೆಸರಿಟ್ಟಿದ್ದ. ಸಾವ್ ಪೌಲೊ ಷೇರುಪೇಟೆಯ ಎಲ್ಲ ಕಂಪನಿಗಳನ್ನೂ ದಿನಾ ಸಂಜೆ ಕಂಪ್ಯೂಟರಿನಲ್ಲಿ ಜರಡಿ ಹಿಡಿದರೆ ಯಾವಾಗಲಾದರೊಮ್ಮೆ ಒಂದೋ ಎರಡೋ ಹೆಸರು ಮೇಲೆ ಉಳಿಯುತ್ತಿದ್ದವು. ಬೆಲೆ ಏರದೆ ಇಳಿಯದೆ ಬಹಳ ದಿನ ಮಲಗಿದಂತಿದ್ದು, ಇದ್ದಕ್ಕಿದ್ದಂತೆ ಒಂದು ದಿನ ತಲೆಯೆತ್ತಿದ ಷೇರುಗಳು ಅವು. ಮರುದಿನ ಬೆಳಿಗ್ಗೆ ಕೊಳ್ಳುವುದು, ಐದು ದಿನದಲ್ಲಿ ಮಾರಿಬಿಡುವುದು. ಉಪಾಯವೆಂದರೆ ಇಷ್ಟೇ.

ಅದನ್ನು ಪರೀಕ್ಷಿಸುವ ಕೆಲಸ ಅವನ ಅಕ್ಕ ಜಂದೀರಾಳ ಪಾಲಿಗೆ ಬಂತು. ಅವಳು ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅದಕ್ಕಿಂತ ಹೆಚ್ಚಾಗಿ, ಅಮ್ಮ ಅಲ್ಜೀರಾ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು.

"ಜಂದೀರಾ ಸರಿ ಅಂದ್ರೆ ಸಹಿ ಹಾಕ್ತೀನಿ. ಅವಳು ಬೇಡ ಅಂದ್ರೆ ಬೇಡ."

ಸಹಿ ಬೀಳಬೇಕಾದದ್ದು ಅಮ್ಮನ ದುಡ್ಡನ್ನು ಷೇರಿಗೆ ಹಾಕಲು ಬಿಡುವ ಬ್ಯಾಂಕ್ ಕಾಗದದ ಮೇಲೆ. ಮೋಕಾ ಬಡಾವಣೆಯಲ್ಲಿದ್ದ ತನ್ನ ಪುಟ್ಟ ಮನೆಯನ್ನು ಅವಳು ಬಹುಮಹಡಿ ಕಟ್ಟುವವರಿಗೆ ಮಾರಿದ್ದಳು. ಆ ದುಡ್ಡಿನಲ್ಲಿ ಬೆಲೆಂ ಬಡಾವಣೆಯಲ್ಲಿ ನೋಡಿಟ್ಟಿದ್ದ ಒಂದು ಕೋಣೆಯ ಫ್ಲಾಟ್ ಕೊಳ್ಳಬೇಕಿತ್ತು. ಸದ್ಯಕ್ಕೆ ಮಗಳ ಮನೆಯ ಸೋಫಾದ ಮೇಲೆ ಮಲಗುತ್ತಿದ್ದಳು, ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಹೊದಿಕೆ ಮಡಚಿ, ಅಲ್ಲಿ ಯಾರೂ ಮಲಗೇ ಇರಲಿಲ್ಲವೇನೋ ಎಂಬಂತೆ ದಿಂಬು ನೇರ ಮಾಡಿಡುತ್ತಿದ್ದಳು. ಈ ದುಡ್ಡು ಹೋದರೆ ಅಮ್ಮನಿಗೆ ಇನ್ನೊಂದು ಸೂರಿಲ್ಲ.

"ಆರೇ ತಿಂಗಳು ಸಾಕು ಅಕ್ಕ," ಎಂದಿದ್ದ ನಿವಾಲ್ದೊ. "ಒಂದು ಕೋಣೆ ಅಲ್ಲ, ಎರಡು ಕೋಣೆದೇ ಕೊಡಿಸ್ತೀನಿ. ಬಾಲ್ಕನಿ ಬೇರೆ."

"ಬಾಲ್ಕನಿ ಯಾರು ಕೇಳಿದ್ರು ನಿನ್ನ?" ಎಂದಳು ಅಮ್ಮ. "ನಂಗೆ ಬಾಗಿಲಿಗೊಂದು ಬೀಗ ಇದ್ರೆ ಆಯ್ತು."

ಜಂದೀರಾ ಕುಕ್ಕರಿನಲ್ಲಿ ಬೀನ್ಸ್ ಕಾಳು ಬೇಯಲಿಟ್ಟು, ಊಟದ ಮೇಜಿನ ಮೇಲೇ ಕಂಪ್ಯೂಟರು ತೆರೆದು ಕೂತಳು. ತಮ್ಮ ಕೊಟ್ಟ ಹಳೆಯ ಬೆಲೆಗಳ ಮೇಲೆ ಜರಡಿಯನ್ನು ಒಂದೊಂದೇ ದಿನವಾಗಿ ಓಡಿಸಿದಳು. ಫಲ ಕಣ್ಣು ಕುಕ್ಕುವಂತಿತ್ತು. ಉಳಿದ ಹೆಸರುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಐದು ದಿನದಲ್ಲಿ ಏರಿದ್ದವು. ಅಷ್ಟು ಚೆನ್ನಾಗಿದ್ದದ್ದೇ ಅವಳಿಗೆ ಹಿಡಿಸಲಿಲ್ಲ. ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ಪಾಸಾದ ಉತ್ತರಪತ್ರಿಕೆಗಳ ಕಟ್ಟು ಕೈಗೆ ಬಂದರೆ ಹೇಗೋ ಹಾಗೆ, ಫೇಲಾದವರೆಲ್ಲ ಎಲ್ಲಿ ಹೋದರು ಎಂದು ಹುಡುಕಿದಳು.

"ಅಮ್ಮ, ನಮಗೆ ಯೂನಿಫಾರಂ ಕೊಡಿಸ್ತಿದ್ಯಲ್ಲ, ಕಾಜಾ ತ್ರೆವೆಲ್ಲಿ ಅಂಗಡಿ, ಅದು ಮುಚ್ಚಿ ಎಷ್ಟು ವರ್ಷ ಆಯ್ತು?"

"ಆಗ್ಲೇ ಬೇಕಾದಷ್ಟಾಯ್ತು. ಯಾಕೆ?"

"ಈ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ."

ಆ ಅಂಗಡಿಯ ಷೇರು ಪೇಟೆಯಲ್ಲಿತ್ತು, ದಿವಾಳಿಯೂ ಆಗಿತ್ತು. ಆದರೆ ನಿವಾಲ್ದೊ ದುಡ್ಡು ಕೊಟ್ಟು ತಂದ ಬೆಲೆಗಳಲ್ಲಿ ಇವತ್ತಿಗೂ ಬದುಕಿರುವ ಕಂಪನಿಗಳು ಮಾತ್ರ ಇದ್ದವು. ಸತ್ತವುಗಳನ್ನು ಆ ಬೆಲೆಪಟ್ಟಿ ಮಾರಿದವರೇ ಅಳಿಸಿಬಿಟ್ಟಿದ್ದರು. ಬದುಕಿ ಉಳಿದವರನ್ನೇ ಸಾಲಾಗಿ ನಿಲ್ಲಿಸಿ, ನೋಡಿ, ಯಾರೂ ಸಾಯಲೇ ಇಲ್ಲ ಎಂದಂತೆ.

ಜಂದೀರಾ ಬೇರೆ ಕಡೆಯಿಂದ ಹಳೆಯ ಬೆಲೆಗಳನ್ನು ತಂದು ಸತ್ತ ಕಂಪನಿಗಳನ್ನೆಲ್ಲ ಮತ್ತೆ ಜರಡಿಗೆ ಸುರಿದಳು. ಈಗ ಮೇಲೆ ಉಳಿದ ಹೆಸರುಗಳನ್ನು ಒಂದೊಂದಾಗಿ ಓದಿದಳು. ಕಾಜಾ ತ್ರೆವೆಲ್ಲಿ. ಅದರ ಕೆಳಗೆ ಒಂದು ಹೆಂಚಿನ ಕಾರ್ಖಾನೆ. ಒಂದು ಹಡಗಿನ ಕಂಪನಿ. ಒಂದು ಬಿಸ್ಕತ್ತು ಕಂಪನಿ. ಜರಡಿ ಎಷ್ಟೋ ಕಂಪನಿಗಳ ನಡುವಿನಿಂದ ಹುಡುಕಿ ಹುಡುಕಿ ಸಾಯುವವುಗಳನ್ನೇ ಎತ್ತಿ ಹಿಡಿದಂತಿತ್ತು. ಎಲ್ಲದರ ಬೆಲೆಯ ರೇಖೆಯೂ ಒಂದೇ ತರಹ. ಮೊದಲು ಉದ್ದಕ್ಕೂ ಚಾಪೆ ಹಾಸಿದಂತೆ ಸಪಾಟು, ಆಮೇಲೆ ಒಂದು ಸಣ್ಣ ಏರು, ಆಮೇಲೆ ರೇಖೆಯೇ ಇಲ್ಲದ ಬಿಳೀ ಪರದೆ. ಹೆಚ್ಚಿನವು ಐದು ದಿನ ಏರಿದ ಮೇಲೆಯೇ ಸತ್ತಿದ್ದವು. ಕೆಲವು ಆ ಐದು ದಿನದ ಒಳಗೇ ಬಾಗಿಲು ಮುಚ್ಚಿ, ಅದುವರೆಗಿನ ಲಾಭವನ್ನೆಲ್ಲ ನುಂಗಿಹಾಕಿದ್ದವು.

ಅಮ್ಮ ಭುಜದ ಹಿಂದೆ ನಿಂತು ನೋಡಿದಳು. "ಕಾಯಿಲೆಯೋರು ಕೊನೇಲಿ ಎದ್ದು ಕೂತ್ಕೊಂಡು ಊಟ ಕೇಳ್ತಾರಲ್ಲ, ಹಾಗಿದೆ," ಎಂದು ಹೇಳಿ ಕಾಳಿನ ಉಪ್ಪು ನೋಡಲು ಹೋದಳು.

ನಿವಾಲ್ದೊ ಇದಕ್ಕೆಲ್ಲ ಜಗ್ಗಲಿಲ್ಲ. "ಅದು ಹಳೇ ಕಾಲ. ಈಗಿನ ಪೇಟೆ ಮೇಲೆ ನೋಡೋಣ. ದುಡ್ಡು ಹಾಕೋದು ಬೇಡ, ಸುಮ್ನೆ ಕಾಗದದ ಮೇಲೆ ಕೊಂಡು ಮಾರೋಣ."

ಜೂನ್ ತಿಂಗಳು, ಅಲ್ಲಿನ ಚಳಿಗಾಲ. ದಿನವಿಡೀ ಸೋನೆ ಹಿಡಿದಿತ್ತು. ವಾರಗಟ್ಟಲೆ ಜರಡಿಯಲ್ಲಿ ಏನೂ ಉಳಿಯಲಿಲ್ಲ. ಕೊನೆಗೊಂದು ಸಂಜೆ ಒಂದೇ ಒಂದು ಹೆಸರು ಉಳಿಯಿತು, ಸೆರ್ರಾಲ್ವಾ ಎಂಬ ಗೋದಾಮಿನ ಕಂಪನಿ.

"ನೋಡು, ಇದು ಬದುಕಿರೋದು," ಎಂದ ನಿವಾಲ್ದೊ. "ವರದಿ ಓದ್ದೆ, ಲಾಭದಲ್ಲಿದೆ. ಇನ್ನು ಕಾಗದದ ಆಟ ಸಾಕು. ಒಂದು ದಿನ ತಡ ಆದ್ರೂ ಸರಿ, ನಾಳಿದ್ದು ಬೆಳಿಗ್ಗೆ ಅಮ್ಮನ ಜೊತೆ ಬ್ಯಾಂಕಿಗೆ ಹೋಗೋಣ."

"ನಾಳೆ ನಾನು ಅಲ್ಲಿಗೆ ಹೋಗಿ ಬರ್ತೀನಿ."

"ಎಲ್ಲಿಗೆ? ಕಂಪನಿಗಾ? ರೇಖೆ ನೋಡಿ ವ್ಯಾಪಾರ ಮಾಡೋರು ಯಾರಾದ್ರೂ ಕಂಪನಿ ಹತ್ರ ಹೋಗ್ತಾರೇನೆ? ನಾಲ್ಕು ಜನ ಕೇಳಿದ್ರೆ ನಗ್ತಾರೆ."

"ನಗಲಿ ಬಿಡು. ನಂಗೂ ಬಸ್ಸಿನಲ್ಲಿ ಓಡಾಡಿ ಬಹಳ ದಿನ ಆಯ್ತು."

ಮರುದಿನ ಶಾಲೆ ಮುಗಿಸಿ ಅವಳು ಗೋದಾಮುಗಳಿರುವ ವಿಲಾ ಲಿಯೊಪೊಲ್ದೀನಾ ಬಡಾವಣೆಗೆ ಹೋಗಿ ಇಳಿದಳು. ಸೆರ್ರಾಲ್ವಾದ ಗೇಟು ತೆರೆದೇ ಇತ್ತು. ಅಂಗಳದಲ್ಲಿ ಒಂದು ಲಾರಿ ಇಂಜಿನ್ ಓಡುತ್ತಿರುವ ಹಾಗೆಯೇ ನಿಂತಿತ್ತು, ಒಳಗೆ ಚಾಲಕನಿರಲಿಲ್ಲ. ಕಚೇರಿಯ ದೀಪಗಳೆಲ್ಲ ಉರಿಯುತ್ತಿದ್ದವು. ಬಾಗಿಲ ಬಳಿಯ ಮೇಜಿನ ಹಿಂದೆ ತುಟಿಗೆ ದಟ್ಟ ಬಣ್ಣ ಹಚ್ಚಿದ ಒಬ್ಬ ಹೆಂಗಸು ಕೂತಿದ್ದಳು.

"ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಕೂತ್ಕೊಳ್ಳಿ ಮೇಡಂ," ಎಂದಳು ನಗುತ್ತ.

ಸಂಜೆ ಕಾಫಿಯ ಹೊತ್ತೂ ಮೀರಿತ್ತು. ಜಂದೀರಾ ಕೂರಲಿಲ್ಲ. ಗಾಜಿನ ಆಚೆ ಸಾಲು ಸಾಲಾಗಿ ಮೇಜುಗಳಿದ್ದವು, ಪ್ರತಿ ಕುರ್ಚಿಯ ಬೆನ್ನಿಗೂ ಒಂದೊಂದು ಕೋಟು. ಎಲ್ಲ ಕೋಟೂ ಒಂದೇ ಬಣ್ಣದವು, ಒಂದೇ ಅಳತೆಯವು. ಹತ್ತಿರದ ಒಂದರ ತೋಳಿನಲ್ಲಿ ಅಂಗಡಿಯ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಮೂಲೆಯ ಯಂತ್ರವೊಂದು ಖಾಲಿ ಹಾಳೆಗಳನ್ನು ಒಂದರ ಮೇಲೊಂದು ಹೊರಹಾಕುತ್ತಲೇ ಇತ್ತು.

ಅವಳಿಗೆ ಯಾಕೆ ಹಾಗನ್ನಿಸಿತೋ, ಗೋಡೆಯ ಮೇಲಿದ್ದ ಕಂಪನಿಯ ನಂಬರಿಗೆ ತನ್ನ ಫೋನಿನಿಂದ ಕರೆ ಮಾಡಿದಳು. ಮೇಜಿನ ಮೇಲಿದ್ದ ಫೋನು ಸದ್ದು ಮಾಡಲಿಲ್ಲ. ಆದರೆ ಅವಳ ಕಿವಿಯಲ್ಲಿ ಹೆಣ್ಣುದನಿಯೊಂದು, "ನಮಸ್ಕಾರ, ಸೆರ್ರಾಲ್ವಾ. ಎಲ್ಲರೂ ಊಟಕ್ಕೆ ಹೋಗಿದ್ದಾರೆ," ಎಂದಿತು. ಅದೇ ದನಿ. ಎದುರಿಗಿದ್ದ ಹೆಂಗಸಿನ ತುಟಿ ಮುಚ್ಚಿತ್ತು. ಅವಳು ಜಂದೀರಾಳನ್ನೇ ನೋಡುತ್ತಿದ್ದಳು.

"ನನ್ನ ಹತ್ರಾನೇ ಹೇಳಿಸಿ ಫೋನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಾರೆ," ಎಂದಳು ಹೆಂಗಸು, ಈಗ ನಗದೆ. ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದಳು, "ಯಾರೋ ನೋಡೋಕೆ ಬರ್ತಾರೆ, ದೀಪ ಆರಿಸ್ಬೇಡ ಅಂದಿದ್ರು. ಆ ಬರೋರು ನೀವೇನಾ?"

"ಅಲ್ಲ," ಎಂದಳು ಜಂದೀರಾ.

"ಹಾಗಾದ್ರೆ ನಾನಿನ್ನೂ ಕೂತಿರಬೇಕು."

ಮನೆಗೆ ಬಂದವಳು ಕೊಡೆಯನ್ನೂ ಮಡಚದೆ ಕಂಡದ್ದನ್ನೆಲ್ಲ ಹೇಳಿದಳು. ನಿವಾಲ್ದೊ ಕೇಳಿಸಿಕೊಂಡ. ಆದರೂ ಬಿಡಲಿಲ್ಲ.

"ಜರಡಿ ಬೆಲೆ ನೋಡುತ್ತೆ ಅಕ್ಕ, ಕುರ್ಚಿ ನೋಡಲ್ಲ. ಒಳಗೆ ದೆವ್ವಾನೇ ಇರ್ಲಿ, ಐದು ದಿನ ಏರಿದ್ರೆ ನಮಗೆ ಸಾಕು. ನಾವೇನು ಅಲ್ಲಿ ಸಂಸಾರ ಮಾಡ್ಬೇಕಾ? ಏರುತ್ತೋ ಇಲ್ವೋ, ಅದೊಂದು ಹೇಳು."

ಜಂದೀರಾಳಿಗೆ ಸುಳ್ಳು ಹೇಳಲು ಬರಲಿಲ್ಲ. "ಏರಬಹುದು. ಹೆಚ್ಚು ಸಲ ಏರಿದೆ."

"ಮತ್ತೆ?"

ಅಮ್ಮ ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತ ಮಾತಾಡಿದಳು.

"ನಾನು ನೇಯ್ಗೆ ಮಿಲ್ಲಲ್ಲಿದ್ದಾಗ, ಮುಚ್ಚೋಕೆ ಮುಂಚೆ, ನೂಲೇ ಇರಲಿಲ್ಲ. ಆದ್ರೂ ಮಗ್ಗ ನಿಲ್ಲಿಸ್ಬೇಡಿ ಅಂದ್ರು. ಖಾಲಿ ಮಗ್ಗ ಓಡಿಸ್ತಿದ್ವಿ, ಬೀದೀಲಿ ಹೋಗೋರಿಗೆ ಸದ್ದು ಕೇಳ್ಬೇಕು ಅಂತ. ನಾವು ಹುಡುಗೀರು ನಗ್ತಿದ್ವಿ, ಕೆಲ್ಸ ಇಲ್ದೆ ಕೂಲಿ ಬಂತು ಅಂತ. ಆವಾಗ ಮಿಲ್ಲಿನ ಷೇರು ಏರಿತ್ತಂತೆ."

ಅಂಗೈಯಲ್ಲಿದ್ದ ಚೂರುಗಳನ್ನೇ ನೋಡುತ್ತ ಕೂತಳು. "ಯಾರು ಕೊಂಡಿದ್ರೋ. ಅವ್ರು ಏನಾದ್ರೋ. ಇವತ್ತಿನ ತನಕ ಒಂದ್ಸಲಾನೂ ಯೋಚ್ನೆ ಮಾಡಿರಲಿಲ್ಲ."

ಅಮ್ಮ ಜಂದೀರಾಳ ಕಡೆ ತಿರುಗಿದಳು. "ಹೇಳು ಮಗಾ. ಸರೀನಾ?"

"ಬೇಡಮ್ಮ," ಎಂದಳು ಜಂದೀರಾ.

ಸೆರ್ರಾಲ್ವಾ ಏರಿತು. ಮೊದಲ ದಿನ ಸ್ವಲ್ಪ, ಎರಡನೆಯ ದಿನ ಇನ್ನಷ್ಟು. ನಿವಾಲ್ದೊ ದಿನಾ ಸಂಜೆ ಬಂದು, ಕಂಪ್ಯೂಟರನ್ನು ಅಕ್ಕನ ಕಡೆ ತಿರುಗಿಸಿಟ್ಟು ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. ಅಮ್ಮ ಎಂದಿನಂತೆ ಸೋಫಾದ ಮೇಲೆ ಮಲಗುತ್ತಿದ್ದಳು. ತಾನು ಅಮ್ಮನ ಎರಡು ಕೋಣೆಗಳನ್ನು ಕೈಯಾರೆ ಕಸಿದುಕೊಂಡೆನೇನೋ ಎಂದು ಜಂದೀರಾಳಿಗೆ ಊಟ ಸೇರದಾಯಿತು.

ಐದನೆಯ ದಿನ ಅವನು ಮಧ್ಯಾಹ್ನವೇ ಬಂದ. ಪೇಟೆ ಇನ್ನೂ ನಡೆಯುತ್ತಿತ್ತು.

"ಇವತ್ತು ಮಾರೋ ದಿನ," ಎಂದ. "ಮಾರಿದ್ರೆ ಎಷ್ಟು ಬರ್ತಿತ್ತು ಅಂತ ಹೇಳ್ಲಾ?"

"ಬೇಡ," ಎಂದಳು ಅಮ್ಮ. "ಇದು ಹೇಳು. ನೀನು ಮಾರಿದ್ರೆ ಕೊಳ್ತಿದ್ದೋರು ಯಾರು?"

"ಯಾರೋ ಒಬ್ರು. ಪೇಟೇಲಿ ಹೆಸರು ಕಾಣಲ್ಲಮ್ಮ, ಎಷ್ಟು ಬೇಕು ಅನ್ನೋದು ಮಾತ್ರ ಕಾಣುತ್ತೆ." ಅವನು ಕೊಳ್ಳುವವರ ಸಾಲನ್ನು ತೋರಿಸಲು ಪರದೆಯ ಮೇಲೆ ಬೆರಳಿಟ್ಟ.

ಸಾಲಿನಲ್ಲಿ ಒಂದು ಬೇಡಿಕೆ ಬಂದಿತ್ತು, ನೂರು ಷೇರು. ಅದು ತೀರಿತು. ಮತ್ತೆ ನೂರು ಬಂತು. ಅದೂ ತೀರಿತು. ಒಂದು ಉಸಿರು ಎಳೆದು ಬಿಡುವಷ್ಟು ಬಿಡುವು, ಮತ್ತೆ ನೂರು. ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂವರೂ ನೋಡುತ್ತ ನಿಂತರು. ಅದು ನಿಲ್ಲಲಿಲ್ಲ, ಅವಸರವನ್ನೂ ಮಾಡಲಿಲ್ಲ. ಪಕ್ಕದಲ್ಲಿ ಬೆಲೆ ಕೂದಲೆಳೆಯಷ್ಟು ಮೇಲೆ ಸರಿಯಿತು.

"ಇದು ಮನುಷ್ಯರು ಕೊಳ್ಳೋ ರೀತಿ ಅಲ್ಲ, ಖಾಲಿ ಮಗ್ಗ ಓಡಿಸಿದ ಹಾಗಿದೆ," ಎಂದ ನಿವಾಲ್ದೊ, ದನಿ ತಗ್ಗಿಸಿ, ಯಾರಿಗೋ ಕೇಳಿಸೀತು ಎಂಬಂತೆ. ಬೆರಳನ್ನು ಪರದೆಯಿಂದ ಹಿಂದಕ್ಕೆ ತೆಗೆದುಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಕಂಪ್ಯೂಟರು ಮುಚ್ಚಿ, ಜೇಬಿನಲ್ಲಿ ಕಾರಿನ ಕೀಲಿ ತಡಕಿದ.

"ಅಮ್ಮ, ಆ ಒಂದು ಕೋಣೆ ಮನೆ, ಬೆಲೆಂ ಹತ್ರದ್ದು, ಇನ್ನೂ ಖಾಲಿ ಇದ್ಯಾ?"

"ನಿನ್ನೆ ತನಕ ಇತ್ತು."

"ನಡಿ. ಹೊತ್ತು ಮುಳುಗೋಕೆ ಮುಂಚೆ ನೋಡ್ಕೊಂಡು ಬರೋಣ."

ಅಮ್ಮ ಸ್ವೆಟರ್ ಹಾಕಿಕೊಳ್ಳಲು ಎದ್ದಳು. ಜಂದೀರಾ ಒಲೆ ಆರಿಸಿ ಅವಳ ಹಿಂದೆಯೇ ಹೊರಟಳು.